ಬಾಗಿಲ ಮುಂದಿನ ಒಲೆ

ಎರ್ಮೆಲಿಂದಾ ಬೂತಾಯಿ ಮೀನಿನ ಬುಟ್ಟಿಯನ್ನು ಹಾಸ್ಟೆಲ್ಲಿನ ಕೌಂಟರ್ ಮೇಲೆ ಧೊಪ್ಪನೆ ಇಟ್ಟು, "ಒಂದು ಹಾಸಿಗೆ ಕೊಡು, ಇವತ್ತೊಂದು ರಾತ್ರಿಗೆ" ಎಂದಳು.

ಕೌಂಟರಿನ ಹಿಂದಿದ್ದ ದುವಾರ್ತೆಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬಾಗಿಲ ಮುಂದೆ ಇದ್ದಿಲ ಒಲೆ ಹೂಡಿ ಕೂತಿದ್ದ ಈ ಮುದುಕಿಯನ್ನು ಈಗಷ್ಟೇ ಎಬ್ಬಿಸಿದ್ದವನು ಅವನೇ. ಇಲ್ಲಿ ತಂಗಿದವರನ್ನು ಬಿಟ್ಟು ಬೇರೆ ಯಾರೂ ಮೆಟ್ಟಿಲ ಮೇಲೆ ಕೂರುವಂತಿಲ್ಲ, ಯಜಮಾನರ ಅಪ್ಪಣೆ ಎಂದಿದ್ದ.

"ಅಜ್ಜೀ, ನೀವೀಗ ಇರೋದು ನದಿ ಆಚೆ ಅಲ್ವಾ? ದೋಣಿ ಹಿಡಿದ್ರೆ ಮನೇಲೇ ಮಲಗ್ಬಹುದಲ್ಲ."

"ಯಾರೋ ನಿಂಗೆ ಅಜ್ಜಿ? ದೋನಾ ಎರ್ಮೆಲಿಂದಾ ಅನ್ನು. ದುಡ್ಡು ಕೊಡೋ ಗಿರಾಕಿ ನಾನು."

"ಮೇಲಿನ ಮಂಚ ಒಂದೇ ಖಾಲಿ. ಏಣಿ ಹತ್ತಬೇಕು."

"ನನ್ನ ಮಂಡಿ ಚಿಂತೆ ನಂಗಿರಲಿ. ಕೀಲಿ ಕೊಡು."

ಅವತ್ತು ಸಂತ ಅಂತೋನಿ ಹಬ್ಬದ ಹಿಂದಿನ ಸಂಜೆ. ಲಿಸ್ಬನ್ನಿನ ಹಳೇ ಕೇರಿ ಅಲ್ಫಾಮಾದ ಓಣಿಗಳಲ್ಲಿ ಮನೆಮನೆಯ ಮುಂದೆ ಕೆಂಡದ ಮೇಲೆ ಬೂತಾಯಿ ಸುಡಬೇಕು. ಈ ಬಾಗಿಲ ಮುಂದೆ ಮೊದಲು ಅವಳ ಅಮ್ಮ ಒಲೆ ಹಚ್ಚುತ್ತಿದ್ದಳು, ಆಮೇಲೆ ಇವಳು. ಹೋದ ವರ್ಷ ಯಜಮಾನರು ಬಾಡಿಗೆ ಕರಾರು ಮುಗಿಯಿತೆಂದು ಇಡೀ ಕಟ್ಟಡ ಖಾಲಿ ಮಾಡಿಸಿ, ಇವಳು ಮಲಗುತ್ತಿದ್ದ, ಉಣ್ಣುತ್ತಿದ್ದ ಕೋಣೆಗಳಲ್ಲೆಲ್ಲ ಎರಡಂತಸ್ತಿನ ಮಂಚ ತುರುಕಿದರು. ಅಕ್ಕಪಕ್ಕದವರು ದಿಕ್ಕಾಪಾಲಾದರು. ಹಬ್ಬದ ಸಂಜೆ ಈ ಬಾಗಿಲೊಂದು ಸೂತಕದ ಮನೆಯ ಹಾಗೆ ತಣ್ಣಗಿರುವುದು ಅವಳಿಗೆ ಸಹಿಸಲಾಗಲಿಲ್ಲ. ಮನೆ ಹೋಯಿತು, ಹೋಗಲಿ. ಮೆಟ್ಟಿಲನ್ನು ಬಿಟ್ಟುಕೊಡಲು ಅವಳು ತಯಾರಿರಲಿಲ್ಲ.

ಕೈಚೀಲವನ್ನು ಮೇಲಿನ ಮಂಚಕ್ಕೆ ಎಸೆದು ಬಂದವಳೇ ಮತ್ತೆ ಒಲೆಯ ಮುಂದೆ ಕೂತು ಕಡ್ಡಿ ಗೀರಿದಳು. ದುವಾರ್ತೆ ಓಡಿಬಂದ.

"ತಂಗಿದವರು ಅಡುಗೆಮನೇಲೇ ಬೇಯಿಸ್ಬೇಕು. ಅದೂ ನಿಯಮಾನೇ."

ಅವಳು ಅವನ ಮುಖವನ್ನೇ ಒಂದು ಗಳಿಗೆ ನೋಡಿದಳು. ಕಡ್ಡಿ ಆರಿಸಿ, ಬುಟ್ಟಿ ಎತ್ತಿಕೊಂಡಳು. "ಆಯ್ತಪ್ಪ. ನೀನು ಹೇಳಿದ ಹಾಗೇ ಆಗ್ಲಿ."

ಬೂತಾಯಿಯನ್ನು ಮನೆಯೊಳಗೆ ಸುಡಬಾರದೆಂದು ಲಿಸ್ಬನ್ನಿನ ಕೂಸಿಗೂ ಗೊತ್ತು. ಗುಡ್ಡದ ಊರಿನಿಂದ ಬಂದ ದುವಾರ್ತೆಗೆ ಪಾಪ, ಗೊತ್ತಿರಲಿಲ್ಲ. ಎ.ಸಿ. ಗಾಳಿ ಸೋರದಿರಲೆಂದು ಕಿಟಕಿಗಳನ್ನೆಲ್ಲ ತೆರೆಯಲಾಗದಂತೆ ಭದ್ರವಾಗಿ ಮುಚ್ಚಿಬಿಟ್ಟಿದ್ದರು. ಎರ್ಮೆಲಿಂದಾ ಕರೆಂಟ್ ಒಲೆಯನ್ನು ಪೂರ್ತಿ ತಿರುಗಿಸಿ, ಕಾದ ಬಾಣಲೆಗೆ ಕಲ್ಲುಪ್ಪು ಹಚ್ಚಿದ ಮೀನು ಸುರಿದಳು. ಹೊಗೆ ಪಡಸಾಲೆ ದಾಟಿತು, ಕೋಣೆಗಳಿಗೆ ನುಗ್ಗಿತು, ದಿಂಬಿಗೂ ಟವೆಲಿಗೂ ಮೆತ್ತಿಕೊಂಡಿತು. ಪ್ರವಾಸಿ ಹುಡುಗ ಹುಡುಗಿಯರು ಕೆಮ್ಮುತ್ತ ಮೆಟ್ಟಿಲಿಳಿದು ಓಡಿದರು.

"ದೋನಾ ಎರ್ಮೆಲಿಂದಾ! ನಿಮ್ಮ ದಮ್ಮಯ್ಯ, ಹೊರಗೆ ತಗೊಂಡ್ಹೋಗಿ!"

"ಹೊರಗೆ ಅಂದ್ರೆ ಎಲ್ಲಿಗೆ?"

"ಬಾಗಿಲ ಮುಂದೆ!"

"ನಾನು ಕೇಳಿದ್ದಲ್ಲ, ನೀನೇ ಹೇಳಿದ್ದು."

"ಹೂಂ, ನಾನೇ ಹೇಳಿದ್ದು!"

"ಹಂಗಾದ್ರೆ ಬುಟ್ಟಿ ಹಿಡ್ಕೋ."

ಕೆಂಡ ನಿಗಿನಿಗಿ ಎನ್ನುವ ಹೊತ್ತಿಗೆ ಅವಳು ಮೆಟ್ಟಿಲ ತುಂಬ ಲಂಗ ಹರಡಿ ಕೂತಿದ್ದಳು. ಕೆಮ್ಮಿ ಓಡಿದವರೇ ಈಗ ಬ್ರೆಡ್ ಹಿಡಿದು ಸಾಲಾಗಿ ನಿಂತಿದ್ದರು. ಮೊದಲ ಮೀನನ್ನು ಒಂದು ಬ್ರೆಡ್ಡಿನ ಮೇಲಿಟ್ಟು ಅವಳು ದುವಾರ್ತೆಗೆ ಕೊಟ್ಟಳು. ಅವನು ಬೆರಳು ಚೀಪುತ್ತ ತಗ್ಗಿದ ದನಿಯಲ್ಲಿ ಹೇಳಿದ: "ಬೇಜಾರು ಮಾಡ್ಕೋಬೇಡಿ ದೋನಾ. ನಾಳೆ ಹನ್ನೊಂದಕ್ಕೆಲ್ಲ ಖಾಲಿ ಮಾಡ್ಬೇಕು."

"ನಾನು ಬೆಳಗಾಗ್ತಿದ್ದ ಹಾಗೇ ಹೊರಡ್ತೀನಿ ಬಿಡೋ." ಅವಳು ತಲೆಯೆತ್ತಿ ಮುಚ್ಚಿದ ಕಿಟಕಿಗಳನ್ನು ನೋಡಿದಳು. "ಈ ಬೂತಾಯಿ ವಾಸನೇನ ಯಾವಾಗ ಖಾಲಿ ಮಾಡಿಸ್ತಾನೆ ಅಂತ ನಿನ್ನ ಯಜಮಾನನ್ನ ಕೇಳು."