ಹನ್ನೊಂದು ಗಂಟೆಯ ಧೂಳು

"ಮ್ಯಾನೇಜರ್ ಇದ್ದಾರಾ?" ಎಂದು ರೇಡಿಯೋ ನಿರೂಪಕಿ ಕೇಳಿದಳು. ಅವಳ ಕೊಡೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಅವರು ಬೇರೆ ಊರಲ್ಲಿದ್ದಾರೆ ತಾಯಿ. ಇಲ್ಲಿ ನಾನು, ಈ ಕಂಪ್ಯೂಟರು, ಇಷ್ಟೇ ಜನ," ಎಂದ ಕಾವಲುಗಾರ, ಕುರ್ಚಿ ಎಳೆದುಕೊಡುತ್ತ.

ಊರಿನ ಎಂಟನೇ ರೇಡಿಯೋ ಸ್ಟೇಷನ್ ಇದು, ಕೊನೆಯದೂ ಹೌದು. ಉಳಿದ ಏಳನ್ನೂ ಅವಳು ಸುತ್ತಿ ಬಂದಾಗಿತ್ತು. ಬೋರ್ಡು ಬೇರೆ, ಬಣ್ಣ ಬೇರೆ, ಯಜಮಾನ ಮಾತ್ರ ಒಬ್ಬನೇ! ದೊಡ್ಡ ಕಂಪನಿಯೊಂದು ಎಂಟನ್ನೂ ಗುಳುಂ ಮಾಡಿ ಕೂತಿತ್ತು. ಇವಳದೋ ಮೊನ್ನೆ ಮೊನ್ನೆ ಹುಟ್ಟಿದ ರೇಡಿಯೋ ಜಾಲ: ಅವಳು, ಅವಳ ತಂಗಿ, ಒಂದು ರೆಕಾರ್ಡರ್. ಯಾವ ಸೇತುವೆ ಮುಚ್ಚಿದೆ, ಯಾವ ಬೀದಿಗೆ ನೀರಿಲ್ಲ, ಯಾರ ಮನೆ ನಾಯಿ ಕಳೆದಿದೆ, ಎಲ್ಲಾ ಊರ ಸುದ್ದಿಯೇ. ಸುದ್ದಿಯೇನೋ ಸಿದ್ಧ, ಅದನ್ನು ಹಾಕಲು ಒಂದು ಸ್ಟೇಷನ್ ಬೇಕಲ್ಲ! ಇಲ್ಲೂ ಆಗದಿದ್ದರೆ ಅಂಗಡಿ ಮುಚ್ಚುವುದೇ ಸೈ ಎಂದು ಅಕ್ಕತಂಗಿಯರು ತೀರ್ಮಾನಿಸಿದ್ದರು.

ಕಾವಲುಗಾರ ಪಾಪ, ಕಂಪನಿಗೆ ಫೋನ್ ಹಚ್ಚಿ ಕೊಟ್ಟ. "ಜಾಗ ಇಲ್ಲಮ್ಮ. ಇಪ್ಪತ್ನಾಲ್ಕು ಗಂಟೆನೂ ಇಲ್ಲಿಂದಾನೇ ತುಂಬಿಸಿದೀವಿ," ಎಂದು ಮ್ಯಾನೇಜರ್ ಫೋನ್ ಇಟ್ಟೇಬಿಟ್ಟ. ಅವಳಿಗೆ ಅಳುವೇ ಬಂತು. ಅಷ್ಟರಲ್ಲಿ ಸ್ಪೀಕರಿನಿಂದ ಹೆಣ್ಣು ದನಿಯೊಂದು ಉಲಿಯಿತು: "ನಮ್ಮೂರಲ್ಲಿ ಇವತ್ತು ಎಂಥಾ ಎಳೆಬಿಸಿಲು ಗೊತ್ತಾ!" ಇಬ್ಬರೂ ಕಿಟಕಿಯತ್ತ ನೋಡಿದರು. ಹೊರಗೆ ಮಳೆ ಧೋ ಎಂದು ಸುರಿಯುತ್ತಿತ್ತು.

"ಆಯಮ್ಮ ನಮ್ಮೂರಿಗೆ ಕಾಲಿಟ್ಟೇ ಇಲ್ಲ. ನಲವತ್ತು ಊರಿಗೂ ಇದೇ ಬಿಸಿಲು," ಎಂದು ನಕ್ಕ ಕಾವಲುಗಾರ, ಗಡಿಯಾರ ನೋಡಿ ಹೆಗಲ ಮೇಲಿನ ಬಟ್ಟೆ ಕೊಡವಿದ. "ಹನ್ನೊಂದಾಯ್ತು. ದಿನಾ ಈ ಕಂಪ್ಯೂಟರ್ ಆಫ್ ಮಾಡಿ ಧೂಳು ಒರೆಸ್ತೀನಿ. ಐದು ನಿಮಿಷ ರೇಡಿಯೋ ಗಪ್‌ಚಿಪ್."

"ಕಂಪನಿಯೋರು ಬೈಯಲ್ವಾ?"

"ಮೂರು ವರ್ಷ ಆಯ್ತು. ಅವರು ನಮ್ಮ ರೇಡಿಯೋ ಹಾಕಿದ್ರೆ ತಾನೆ ಗೊತ್ತಾಗೋದು!"

ಅವನು ಕಂಪ್ಯೂಟರಿನಿಂದ ಬಿಚ್ಚಿಟ್ಟ ಪ್ರಸಾರದ ವೈರಿನ ಮೇಲೆ ಅವಳ ಕಣ್ಣು ನೆಟ್ಟಿತು. "ಅಣ್ಣಾ, ಆ ಐದು ನಿಮಿಷ ಈ ವೈರು ಸುಮ್ನೆ ಬಿದ್ದಿರುತ್ತಾ?"

ಕಾವಲುಗಾರ ವೈರು ನೋಡಿದ, ಅವಳ ರೆಕಾರ್ಡರ್ ನೋಡಿದ. "ಒರೆಸೋಕೆ ನಿಂತ್ರೆ ನಂಗೆ ಬೆನ್ನ ಹಿಂದೆ ಏನಾಗುತ್ತೋ ಗೊತ್ತಾಗಲ್ಲ ತಾಯಿ," ಎಂದು ಬೆನ್ನು ತಿರುಗಿಸಿದ.

ಮೂರು ತಿಂಗಳು ಹೀಗೇ ನಡೆಯಿತು. ಕಳೆದುಹೋದ ನಾಯಿಗಳು ಮನೆ ಸೇರಿದವು. ಹನ್ನೊಂದಾದರೆ ಸಾಕು, ಕ್ಷೌರಿಕ ಅರ್ಧ ತಲೆ ಬಿಟ್ಟು ರೇಡಿಯೋ ದನಿ ಏರಿಸುತ್ತಿದ್ದ. ಒಂದು ದಿನ ಸುದ್ದಿ ಮುಗಿದದ್ದೇ ತಡ, ಫೋನ್ ಬಡಿದುಕೊಂಡಿತು. ಮ್ಯಾನೇಜರ್! ಅವಳು ರೆಕಾರ್ಡರನ್ನು ಬೆನ್ನ ಹಿಂದೆ ಬಚ್ಚಿಟ್ಟಳು.

"ಏನಯ್ಯಾ, ಹನ್ನೊಂದು ಗಂಟೆಗೆ ಐದು ನಿಮಿಷ ನಿಮ್ಮ ಸ್ಟೇಷನ್ ಕೇಳೋರು ಹತ್ತು ಪಟ್ಟು ಅಂತ ವರದಿ ಬಂದಿದೆ. ಆ ಹೊತ್ತಲ್ಲಿ ಏನ್ ಮಾಡ್ತೀಯಾ?"

"ಧೂಳು ಒರೆಸ್ತೀನಿ ಸಾರ್," ಎಂದ ಕಾವಲುಗಾರ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಆ ಕಡೆ ಸ್ವಲ್ಪ ಹೊತ್ತು ಗುಸುಗುಸು. ಆಮೇಲೆ ದನಿ ಬಂತು: "ನಾಳೆಯಿಂದ ನಲವತ್ತು ಊರಲ್ಲೂ ಹನ್ನೊಂದಕ್ಕೆ ಧೂಳು ಒರೆಸ್ಬೇಕು ಅಂತ ಆರ್ಡರ್ ಹಾಕ್ತಿದೀನಿ. ಅಲ್ಲಿನ ಕಾವಲುಗಾರರಿಗೆ ನಿನ್ನ ಥರಾನೇ ಒರೆಸೋದು ಕಲಿಸೋಕೆ ಯಾರಾದ್ರೂ ಇದ್ದಾರಾ?"

ಕಾವಲುಗಾರ ಫೋನಿಗೆ ಕೈ ಅಡ್ಡ ಹಿಡಿದು ಹಿಂದೆ ತಿರುಗಿದ. ಅವನ ಧೂಳಿನ ಬಟ್ಟೆ ಆಗಲೇ ಅವಳ ಹೆಗಲೇರಿತ್ತು.