ಒಬ್ಬಳೂ ಸಾಯದ ಪುಸ್ತಕ

“ಡಾಕ್ಟ್ರಮ್ಮನವರ ಕೈಯಲ್ಲಿ ಹೆರಿಗೆಯಾದ ಒಬ್ಬಳೂ ಸತ್ತದ್ದಿಲ್ಲ!” ಎಂದು ಗುಣಪಾಲ ಶೆಟ್ಟರು ಓದಿದ ಅಬ್ಬರಕ್ಕೆ ಹಂಗಾರಕಟ್ಟೆಯ ಹೊಳೆ ಇಳಿತವನ್ನೇ ಮರೆತು ನಿಂತಿತು. ಈ ಸೀಮೆಯ ಮೊದಲ ಹೆಂಗಸು ಡಾಕ್ಟರು ಪ್ರಭಾವತಿಯಮ್ಮನ ಬಗ್ಗೆ ಶೆಟ್ಟರೇ ಬರೆದ ಜೀವನಚರಿತ್ರೆ ಅದು. ನಾಳೆ ಬೆಳಗಿನ ಬಸ್ಸಿಗೆ ಅಚ್ಚುಕೂಟಕ್ಕೆ ಹೊರಡಲಿತ್ತು. ಜಗಲಿಯಲ್ಲಿ ಕೂತಿದ್ದ ಡಾಕ್ಟ್ರಮ್ಮ ನಕ್ಕರು. ಆ ನಗುವಿನ ಬಿಸಿಲಿಗೆ ಬ್ರಹ್ಮಾವರದ ಭತ್ತವೆಲ್ಲ ಒಣಗಬಹುದಿತ್ತು.

“ಅದೊಂದ್ ಸಾಲ್ ಇನ್ನೊಂದ್ ಸಲ ಓದಿ, ಶೆಟ್ರೆ.”

ಶೆಟ್ಟರು ವಿಚಾರಿಸದೆ ಬರೆದವರಲ್ಲ. ಹೆರಿಗೆ ಸುಸೂತ್ರವಾದ ಮನೆಗಳವರು ವರ್ಷವರ್ಷವೂ ಡಾಕ್ಟ್ರಮ್ಮನಿಗೆ ಹೊಸ ಅಕ್ಕಿ ತಂದುಕೊಡುತ್ತಿದ್ದರು. ಅಷ್ಟು ಅಕ್ಕಿ ಬೇಯಿಸಲು ಅರಬ್ಬೀ ಸಮುದ್ರದ ನೀರೂ ಸಾಲುತ್ತಿರಲಿಲ್ಲ. ಶೆಟ್ಟರು ಕೇಳಿಕೊಂಡು ಬಂದದ್ದು ಅಕ್ಕಿ ತಂದ ಮನೆಗಳಲ್ಲಿ ಮಾತ್ರ.

ಮೆಟ್ಟಿಲಲ್ಲಿ ಮೀನಿನ ಬುಟ್ಟಿ ಇಳಿಸಿ ಕೂತಿದ್ದ ಬಾಗಿ ಎದ್ದು ನಿಂತಳು. ಅವಳ ಮಗಳು ವನಜ ಹೆರಿಗೆಯಲ್ಲಿ ತೀರಿಕೊಂಡದ್ದು ಇದೇ ಡಾಕ್ಟ್ರಮ್ಮನ ಕೈಯಲ್ಲಿ.

“ಹ್ವಾಯ್ ಶೆಟ್ರೆ, ಹಂಗಾರೆ ನಮ್ಮ ವನಜ ಎಲ್ಲಿಗ್ ಹೋಯ್ತ್?”

“ಸುಮ್ನಿರ್ ಮಾರಾಯ್ತಿ! ಪುಸ್ತಕ ಅಂದ್ರೆ ಒಳ್ಳೇದೇ ಬರೆಯೂದ್.”

ಬಾಗಿ ಡಾಕ್ಟ್ರಮ್ಮನ ಕಡೆ ತಿರುಗಿದಳು. “ನಿಮ್ಮನ್ ಬೈಯುಕ್ ಹೇಳಿದ್ದಲ್ಲ ಅಮ್ಮ. ಅದೊಂದ್ ಹೆಣ್ಣ್ ಇತ್ತ್ ಅಂದ್ ಬರ್ದ್ರೆ ಸಾಕ್.”

ಯಮನನ್ನೂ ಮಾತಿನಲ್ಲೇ ಹಿಂದಕ್ಕಟ್ಟಬಲ್ಲ ಶೆಟ್ಟರು ಹಾಳೆಗಳನ್ನು ಮಡಚಿಟ್ಟರು. ಡಾಕ್ಟ್ರಮ್ಮ ನಿಧಾನವಾಗಿ ಎದ್ದರು. ಚಪ್ಪಲಿ ಹುಡುಕಿ ಮೆಟ್ಟಿಕೊಂಡರು.

“ನಾಳಿಗ್ ಕಳ್ಸ್‌ಬೇಡಿ ಶೆಟ್ರೆ. ಬಾಗಿ, ಅವತ್ತಿಂದ ನಾ ನಿನ್ನ ಮನಿ ಬದಿಗೇ ಬರ್ಲಿಲ್ಲ. ನಡಿ, ಇವತ್ತ್ ಬತ್ತೆ.”