ಕೀಸ್ಕಿಯ ಗಾಯ

"ಇವತ್ತು ನಿನ್ನ ಬಿಡೋನಲ್ಲ. ಬಿಚ್ಚು ಷರಾಯಿ!"

ಗೋಲ್‌ಕೀಪರ್ ಉನ್ತೊ ಸೌನಾದ, ಅಂದರೆ ಹಬೆಸ್ನಾನದ ಕೋಣೆಯ, ಬಾಗಿಲಿಗೆ ಅಡ್ಡ ನಿಂತಿದ್ದ. ಒಳಗೆ ಬಿಸಿ ಹಬೆಯಲ್ಲಿ ಬೆತ್ತಲೆ ಕೂತಿದ್ದ ಇಡೀ ಫುಟ್‌ಬಾಲ್ ತಂಡ ಗೊಳ್ಳೆಂದು ನಕ್ಕಿತು. ಕೀಸ್ಕಿ ಮಾತ್ರ ನಗಲಿಲ್ಲ.

"ಮನೇಲಿ ಅಮ್ಮ ಸೌನಾ ಕಾಯಿಸಿಟ್ಟಿರ್ತಾಳೆ. ದಾರಿ ಬಿಡೋ."

"ಏಳು ವರ್ಷದಿಂದ ಇದೇ ಹಾಡು! ಅಲ್ಲ ಅರ್ಮಾಸ್ ಕೀಸ್ಕಿ, ಹೋದ ವಾರ ಬಲಗಾಲು ಕುಂಟ್ತಿದ್ದೆ, ಇವತ್ತು ಎಡಗಾಲು. ಗಾಯಕ್ಕೂ ಕಾಲು ಬಂದಿದ್ಯಾ ಅಡ್ಡಾಡೋಕೆ?"

ಕೀಸ್ಕಿ ಅವನನ್ನು ತಳ್ಳಿಕೊಂಡು ಹೊರಬಿದ್ದ.

ನಮ್ಮೂರಲ್ಲಿ ಜೊತೆಗಾರರ ಸೌನಾ ತಪ್ಪಿಸುವವನು ಏನೋ ಮುಚ್ಚಿಡುತ್ತಿದ್ದಾನೆಂದೇ ಲೆಕ್ಕ. ಏನು? ಊರಿಗೆ ಎರಡು ನಾಲಿಗೆ. ರಷ್ಯದವರೊಡನೆ ನಡೆದ ಚಳಿಗಾಲದ ಯುದ್ಧದಲ್ಲಿ ಅರ್ಮಾಸ್ ಕೀಸ್ಕಿಯ ತೊಡೆಗೆ ಗುಂಡಿನ ಚೂರು ಹೊಕ್ಕಿದ್ದು, ಅದೇ ಕಾಲಲ್ಲಿ ಅವನು ತನ್ನೂರು ವಿಯ್‌ಪುರಿಯ ಮೈದಾನಕ್ಕೆ ಮರಳಿ ಗೋಲು ಹೊಡೆದದ್ದು, ದೇಶವೆಲ್ಲ ಪೇಪರಿನಲ್ಲಿ ಓದಿದ ಸಂಗತಿ. ಆ ಗಾಯ ಈಗ ಕೊಳೆತಿದೆ, ತೋರಿಸಿದರೆ ತಂಡದಿಂದ ತೆಗೆಯುತ್ತಾರೆಂದು ಪಾಪ ಹೆದರಿದ್ದಾನೆ ಎಂದರು ಕೆಲವರು. ಗಾಯವೂ ಇಲ್ಲ, ಗೀಯವೂ ಇಲ್ಲ, ಬೇಕೆಂದೇ ಸೋಲಲು ಹೆಲ್ಸಿಂಕಿ ತಂಡದವರು ದುಡ್ಡು ಕೊಟ್ಟು ಅವನನ್ನು ಕೊಂಡುಕೊಂಡಿದ್ದಾರೆ ಎಂದರು ಉಳಿದವರು. ಹೋದ ಭಾನುವಾರ ಎದುರಿನ ಗೋಲು ಖಾಲಿ ಬಿದ್ದಿದ್ದಾಗ ಕೀಸ್ಕಿ ಚೆಂಡನ್ನು ಹೊರಗೆ ಹೊಡೆದು ತೊಡೆ ಹಿಡಿದುಕೊಂಡಿದ್ದ. ಬರುವ ಭಾನುವಾರ ಹೆಲ್ಸಿಂಕಿಯವರ ಮೇಲೆಯೇ ಪಂದ್ಯ.

ಹೊರಗೆ ಕಾರಿನ ಪಕ್ಕ ಹೋಲ್ಮ್ ಕಾಯುತ್ತಿದ್ದ. ಕಾಗದದ ಕಾರ್ಖಾನೆಯ ಮ್ಯಾನೇಜರು, ಕ್ಲಬ್ಬಿನ ಅಧ್ಯಕ್ಷ. ಎರಡನೆಯ ಸಲದ ಯುದ್ಧವೂ ಮುಗಿದ ಶರತ್ಕಾಲದಲ್ಲಿ, ವಿಯ್‌ಪುರಿ ರಷ್ಯದ ಪಾಲಾಗಿ ಮನೆಮಠ ಕಳೆದುಕೊಂಡವರು ರೈಲಿಳಿದಾಗ, "ಇಲ್ಲಿ ಅರ್ಮಾಸ್ ಕೀಸ್ಕಿ ಯಾರು?" ಎಂದು ಪ್ಲಾಟ್‌ಫಾರ್ಮಿನುದ್ದಕ್ಕೂ ಕೂಗಿಕೊಂಡು ಹೋಗಿದ್ದವನು ಇವನೇ. ಉದ್ದನೆಯ ಹುಡುಗನೊಬ್ಬ ಕೈಯೆತ್ತಿದ. ಪಕ್ಕದಲ್ಲಿದ್ದ ತಾಯಿ ತಲೆ ತಗ್ಗಿಸಿದಳು. ಇಬ್ಬರು ಗಂಡುಮಕ್ಕಳಲ್ಲಿ ಒಬ್ಬನನ್ನು ಆ ಬೇಸಿಗೆಯಲ್ಲಷ್ಟೇ ಮಣ್ಣು ಮಾಡಿದ್ದಳು. ಉಳಿದವರೆಲ್ಲ ಶಾಲೆಯ ನೆಲದ ಮೇಲೆ ಮಲಗಿದರೆ ಇವರಿಗೆ ಕಾರ್ಖಾನೆಯ ಮನೆ ಸಿಕ್ಕಿತು, ಮಗನಿಗೆ ಕೆಲಸ ಸಿಕ್ಕಿತು.

ಪ್ರತಿಯಾಗಿ ಅವನು ಗೋಲು ಕೊಟ್ಟ. ನಮ್ಮೂರಿನಲ್ಲಿ ಅಷ್ಟು ಗೋಲು ಯಾರೂ ಹೊಡೆದಿರಲಿಲ್ಲ. ಮೈದಾನವೆಲ್ಲ "ಅರ್ಮಾಸ್! ಅರ್ಮಾಸ್!" ಎಂದು ಬೊಬ್ಬಿಟ್ಟರೂ ಒಮ್ಮೆಯೂ ಕೈಬೀಸಿದವನಲ್ಲ. ಗರ್ವ ಎಂದರು ಜನ.

"ನಾಳೆ ಡಾಕ್ಟರು ಬರ್ತಾರೆ," ಎಂದ ಹೋಲ್ಮ್. "ಗಾಯ ಕೆಟ್ಟಿದ್ರೆ ಆಟ ಬಿಡು, ಚಿಂತೆಯಿಲ್ಲ. ನಿಮ್ಮಮ್ಮ ಇರೋವರೆಗೂ ಮನೆ ನಿಮ್ಮದೇ. ತೋರಿಸಲಿಲ್ವೋ, ಮಾರಿಕೊಂಡಿದ್ದೀಯ ಅಂತಲೇ ಅರ್ಥ. ಸೋಮವಾರ ಮನೆ ಖಾಲಿ ಮಾಡು."

"ನಾನು ಮಾರಿಕೊಂಡಿಲ್ಲ ಯಜಮಾನ್ರೇ."

"ಮತ್ತೆ ತೋರಿಸೋಕೇನು ಭಯ?"

ಕೀಸ್ಕಿ ಮನೆಯತ್ತ ಹೆಜ್ಜೆ ಹಾಕಿದ. ಅತ್ತ ದರಿ, ಇತ್ತ ಪುಲಿ.

ಮನೆಯಲ್ಲಿ ತಾಯಿ ಮಾರ್ತಾ ಒಲೆಯ ಮೇಲೆ ಕಾಫಿ ಕಾಯಿಸುತ್ತಿದ್ದಳು. ಎಲ್ಲ ಕೇಳಿ ಕುಸಿದು ಕೂತಳು. "ಇನ್ನೊಂದು ಸಲ ಗಂಟುಮೂಟೆ ಕಟ್ಟೋಕೆ ನನ್ನ ಕೈಲಾಗಲ್ಲ ಮಗಾ. ಹೇಳಿಬಿಡೋಣ."

"ಹೇಳಿದ್ರೆ ಮನೆ ಉಳಿಯುತ್ತೇನಮ್ಮ?"

ಅವಳು ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡಳು.

"ಗೋಲು ಹೊಡೆದವನು ನಾನಲ್ವಾ? ಒಂದೊಂದೂ ನಾನೇ ಹೊಡೆದಿದ್ದಲ್ವಾ?" ಎಂದು ಅವನು ಗೋಡೆಗೆ ಗುದ್ದಿ ಮಕ್ಕಳ ಹಾಗೆ ಅತ್ತ.

ಆಮೇಲೆ ಎದ್ದು ಕಿಟಕಿಯ ಪರದೆ ಎಳೆದ. ಒಲೆ ಕೆದಕುವ ಸಲಾಕೆಯನ್ನು ಕೆಂಡದೊಳಗೆ ತೂರಿಸಿದ. ಅದು ಕೆಂಪಗಾಗುವವರೆಗೂ ಕಾದ.

"ಕೊಳೆತಿದೆ ಅಂತಾರಲ್ಲ," ಎಂದ. "ಕೊಳೆತದ್ದನ್ನೇ ನೋಡ್ಲಿ."

ಷರಾಯಿ ಕಳಚಿ, ಬಲಗಾಲನ್ನು ಕುರ್ಚಿಯ ಮೇಲೆ ಚಾಚಿ, ಬೆಲ್ಟನ್ನು ಹಲ್ಲಿನ ನಡುವೆ ಕಚ್ಚಿಕೊಂಡ. ತೊಡೆಯ ಮೇಲೆ ಒಂದು ಗೀರೂ ಇರಲಿಲ್ಲ. ಸಲಾಕೆ ಹತ್ತಿರ ಬಂದಾಗ ಮಾರ್ತಾ ಧಡಕ್ಕನೆ ಎದ್ದು ಅವನ ಮಣಿಕಟ್ಟು ಹಿಡಿದಳು.

"ಆ ಕಾಲಲ್ಲ ಕಣೋ," ಎಂದು ಬಿಕ್ಕಿದಳು. "ನಿಮ್ಮಣ್ಣ ಅರ್ಮಾಸಂಗೆ ಪೆಟ್ಟಾಗಿದ್ದು ಎಡಗಾಲಿಗೆ."